ಒಂದೇ ಮಗ್ಗುಲಿಗೆ ಎಳೆಯುವ ಗಾಡಿ
(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಕೂಟದಲ್ಲಿ ಮೋಟಾರು ಗಾಲಿಯ ಮಾತೇಕೆ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಕೇಳಿದ್ದು ನಮ್ಮ ಕಿವಿಗೂ ಬಿತ್ತು. ಕೇಳತಕ್ಕ ಮಾತೇ. ಆದರೆ ನಸುಕಿನ ನಾಲ್ಕು ಗಂಟೆಗೆ ಇಡ್ಲಿ ಹಿಟ್ಟು, ತರಕಾರಿ, ಹಾಲು ಸಾಗಿಸುವ ವ್ಯಾನಿನಲ್ಲಿ ಕುಳಿತವರು ಯಾರು? ನಮ್ಮವರೇ. 1982ರ ಮುಷ್ಕರದ ತರುವಾಯ ಗಿರಣಿಗಳ ಬಾಗಿಲು ಮುಚ್ಚಿದಾಗ ಬ್ಯಾಜು ಮಾಡಿಸಿಕೊಂಡು ಟ್ಯಾಕ್ಸಿ ಹತ್ತಿದವರೂ, ಅವರ ಮಕ್ಕಳೂ ನಮ್ಮವರೇ. ಗಾಡಿ ಒಂದು ಮಗ್ಗುಲಿಗೆ ಎಳೆದರೆ ಟಾಯರು ಸವೆಯುತ್ತದೆ. ಟಾಯರು ಸವೆದರೆ ಮಾಲಕರು ಪಗಾರದಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಇದು ಪಗಾರದ ಮಾತು.

ನಾವೇನೂ ಇಂಜಿನಿಯರರಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಕಪ್ಪು ಬಸಿ ತೊಳೆದು ಮೇಲೆ ಬಂದವರು. ಈ ಸಂಗತಿಯನ್ನು ಮಿಸ್ತ್ರಿಗಳ ಬಳಿ ಕುಳಿತು, ಗಾಡಿಯ ಅಡಿಗೆ ನುಸುಳಿ, ಕೈ ಮಸಿ ಮಾಡಿಕೊಂಡು ತಿಳಿದಿದ್ದೇವೆ. ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲು ಒಂದು ಭೇದ. ಸ್ಟಿಯರಿಂಗು ಸಡಿಲ ಬಿಟ್ಟರೆ ಗಾಡಿ ಎಡಕ್ಕೋ ಬಲಕ್ಕೋ ಜಾರುತ್ತದೆ, ನೇರ ಹೋಗಬೇಕಾದರೆ ಹಿಡಿದು ಎಳೆಯುತ್ತಲೇ ಇರಬೇಕು: ಇದು ಎಳೆತ. ಸ್ಟಿಯರಿಂಗು ಓರೆಯಾಗಿ ನಿಂತಿದೆ, ಆದರೆ ಗಾಡಿ ನೇರವೇ ಹೋಗುತ್ತದೆ: ಇದು ಎಳೆತವಲ್ಲ, ಬೇರೆ ರೋಗ. ಇವೆರಡನ್ನೂ ಒಂದೇ ಎಂದು ಹೇಳಿ ಗ್ಯಾರೇಜಿಗೆ ಹೋದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಎಡಗಡೆ ನಡೆಸುತ್ತೇವೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಆದ್ದರಿಂದ ತುಸು ಎಡಕ್ಕೆ ಜಾರುವುದು ಗಾಡಿಯ ತಪ್ಪಲ್ಲ, ರಸ್ತೆಯ ಗುಣ. ಸಮತಟ್ಟಾದ, ಖಾಲಿ ಜಾಗದಲ್ಲಿ, ನಿಧಾನವಾಗಿ, ಕೈಯನ್ನು ಸ್ಟಿಯರಿಂಗಿನ ಹತ್ತಿರವೇ ಇಟ್ಟುಕೊಂಡು ಪರೀಕ್ಷಿಸಬೇಕು. ಹಿಟ್ಟಿನ ಡ್ರಮ್ಮುಗಳನ್ನೆಲ್ಲ ಎಡಮಗ್ಗುಲಿಗೇ ಒಟ್ಟಿ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರಿಗೆ ಆದದ್ದನ್ನು ಹೇಳುತ್ತೇವೆ. ಹೊಟೇಲಿನ ವ್ಯಾನು ಎಡಕ್ಕೆ ಎಳೆಯುತ್ತಿತ್ತು. ಮೂರು ಬಾರಿ ಅಲೈನ್‌ಮೆಂಟ್ ಮಾಡಿಸಿದರು. ಮೂರು ಬಾರಿಯೂ ಎರಡು ದಿನ ಕಳೆಯುವುದರೊಳಗೆ ಅದೇ ಕಥೆ. ಕೊನೆಗೆ ಮಾಲಕರು, "ನಿನ್ನ ಕೈಯೇ ಸರಿಯಿಲ್ಲ, ಹೊಂಡ ನೋಡಿ ನಡೆಸುವುದಿಲ್ಲ" ಎಂದು ಎರಡು ಟಾಯರಿನ ಬೆಲೆಯನ್ನು ಪಗಾರದಲ್ಲಿ ಕಡಿದರು. ಊರಿನಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಆ ತಿಂಗಳು ಮನೆಗೆ ಮನಿಯಾರ್ಡರಿನ ಮಾತಿರಲಿ, ಅವರ ಖೋಲಿಯ ಬಾಡಿಗೆಗೇ ತತ್ವಾರವಾಯಿತು. ಅವರು ಸಂಘಕ್ಕೆ ಬಂದರು.

ನಾವೂ ನಮ್ಮ ಪರಿಚಯದ ಮುದಿ ಮಿಸ್ತ್ರಿಯೊಬ್ಬರೂ ಹೋಗಿ ನೋಡಿದೆವು. ಅವರು ಪಾನಾ ಮುಟ್ಟಲೇ ಇಲ್ಲ. ಹತ್ತು ನಿಮಿಷ ಗಾಡಿ ಓಡಿಸಿ, ಬ್ರೇಕು ಆದಷ್ಟು ಕಡಮೆ ಒತ್ತಿ, ಇಳಿದು ಪ್ರತಿಯೊಂದು ಗಾಲಿಯ ಹತ್ತಿರ ಅಂಗೈ ಹಿಂಭಾಗ ಹಿಡಿದರು, ತಾಗಿಸದೆ. ಮುಂದಿನ ಎಡಗಾಲಿ ಬಿಸಿ ತವೆಯಂತೆ ಉರಿಯುತ್ತಿತ್ತು. ಉಳಿದವು ಬೆಚ್ಚಗೆ. ಬ್ರೇಕಿನ ಕ್ಯಾಲಿಪರು ನೀರು ಕೆಸರು ಕುಡಿದು ತುಕ್ಕು ಹಿಡಿದು, ಕಾಲು ತೆಗೆದ ಮೇಲೂ ಗಾಲಿಯನ್ನು ಬಿಡುತ್ತಿರಲಿಲ್ಲ. ಹಿಡಿದ ಗಾಲಿಯ ಕಡೆಗೆ ಗಾಡಿ ಎಳೆಯದೆ ಮತ್ತೆಲ್ಲಿಗೆ ಎಳೆದೀತು? ಜಾಕು ಕೊಟ್ಟು ತಿರುಗಿಸಿದರೆ ಗಾಲಿ ಬಿಗಿ. ಇಂಥದ್ದಕ್ಕೆ ಮೂರಲ್ಲ, ಮೂವತ್ತು ಅಲೈನ್‌ಮೆಂಟ್ ಮಾಡಿಸಿದರೂ ಗುಣವಿಲ್ಲ. ಕ್ಯಾಲಿಪರು ಬಿಚ್ಚಿ, ಪಿನ್ನು ಶುಚಿಮಾಡಿ, ರಬ್ಬರು ಬದಲಿಸಿದ ಮೇಲೆ ಗಾಡಿ ನೇರವಾಯಿತು.

ಬ್ರೇಕು ಒತ್ತಿದಾಗ ಮಾತ್ರ ಎಳೆದರೆ ಲೆಕ್ಕ ತಿರುಗುಮುರುಗು ಎಂಬುದನ್ನೂ ಮರೆಯಬಾರದು. ಆಗ ಗಾಡಿ ಹೋಗುವುದು ಚೆನ್ನಾಗಿ ಹಿಡಿಯುವ ಗಾಲಿಯ ಕಡೆಗೆ. ಕೆಟ್ಟಿರುವುದು ಹೆಚ್ಚಾಗಿ ಎದುರಿನದು. ಅಂಥ ಗಾಡಿಯಲ್ಲಿ ಪ್ರಯಾಣಿಕರನ್ನು ಕೂರಿಸಲೇ ಬಾರದು.

ಬ್ರೇಕಿಗಿಂತ ಮೊದಲು ನೋಡಬೇಕಾದ್ದು ಹವಾ. ಕಡಮೆ ಹವಾ ಇರುವ ಟಾಯರಿನ ಕಡೆಗೆ ಗಾಡಿ ಎಳೆಯುತ್ತದೆ. ಎಷ್ಟು ಹವಾ ಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಟಾಯರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುಂಚೆ ನೋಡಬೇಕು. ಇಷ್ಟಕ್ಕೇ ಅರ್ಧ ಗಾಡಿಗಳು ನೆಟ್ಟಗಾಗುತ್ತವೆಂದು ಆ ಮಿಸ್ತ್ರಿ ನಗುತ್ತಿದ್ದರು.

ಇಗೋ, ಮೇಜಿನ ಮೇಲೆ ಸ್ಟೀಲಿನ ಲೋಟವಿದೆ. ಅಡ್ಡ ಮಲಗಿಸಿ ಉರುಳಿಸುತ್ತೇವೆ, ನೋಡಿ. ನೇರ ಹೋಯಿತೇ? ಇಲ್ಲ. ಬಾಯಿ ಅಗಲ, ತಳ ಕಿರಿದು, ತಳದ ಕಡೆಗೆ ಸುತ್ತು ಹೊಡೆಯಿತು. ಕೆಲವು ಟಾಯರುಗಳು ಕಾರಖಾನೆಯಿಂದಲೇ ಕಣ್ಣಿಗೆ ಕಾಣದಷ್ಟು ಹೀಗೆ ಲೋಟದಂತಿರುತ್ತವೆ, ಇಲ್ಲವೆ ಸವೆದು ಹಾಗಾಗುತ್ತವೆ. ಪತ್ತೆಮಾಡುವುದು ಸುಲಭ: ಮುಂದಿನ ಎರಡು ಗಾಲಿಗಳನ್ನು ಅದಲು ಬದಲು ಮಾಡಿ ಓಡಿಸಿ. ಎಳೆತವೂ ಮಗ್ಗುಲು ಬದಲಿಸಿದರೆ ಟಾಯರೇ ಕಳ್ಳ. ಅದನ್ನು ಹಿಂದಕ್ಕೆ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಟಾಯರಿನ ಮೇಲೆ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಅದಲು ಬದಲು ಮಾಡಬಾರದು.

ಇವೆಲ್ಲ ಸರಿಯಿದ್ದ ಮೇಲೆ ಅಲೈನ್‌ಮೆಂಟಿನ ಮಾತು. ಅದರಲ್ಲಿ ಮೂರು ಕೋನಗಳಿವೆ. ಟೋ ಎಂದರೆ ಕಾಲ್ಬೆರಳು. ನಡೆಯುವಾಗ ನಮ್ಮ ಪಾದ ಒಳಮುಖವೋ ಹೊರಮುಖವೋ ಆಗಿರುವಂತೆ ಗಾಲಿಗಳ ಮುಖ. ಟಾಯರು ತಿನ್ನುವುದು ಇದೇ. ಒಂದು ಗಾಲಿ ಓಟದ ದಿಕ್ಕಿನಿಂದ 1 ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರು ಅಡ್ಡಕ್ಕೆ ತೇಯುತ್ತದೆ. ಚರ್ಚ್‌ಗೇಟಿನಿಂದ ಬೊರಿವಲಿಗೆ ರೈಲುದಾರಿ ಸುಮಾರು 34 ಕಿಲೋಮೀಟರು. ಅಷ್ಟು ದೂರ ಓಡುವಷ್ಟರಲ್ಲಿ ಟಾಯರನ್ನು ಅರ್ಧ ಕಿಲೋಮೀಟರಿಗೂ ಮಿಕ್ಕಿ ಡಾಂಬರಿನ ಮೇಲೆ ಉಜ್ಜಿದಂತಾಯಿತು. ಅಂಗೈಯನ್ನು ಟಾಯರಿನ ಮೇಲೆ ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ ಕೆಟ್ಟಿದೆ.

ಆದರೆ ಗಮನಿಸಿ, ಮುಂದಿನ ಗಾಲಿಗಳ ಟೋ ಕೆಟ್ಟರೆ ಸಾಮಾನ್ಯವಾಗಿ ಎಳೆತ ಬರುವುದಿಲ್ಲ. ಎರಡು ಗಾಲಿಗಳೂ ಓರೆಯನ್ನು ಹಂಚಿಕೊಳ್ಳುತ್ತವೆ. ಸ್ಟಿಯರಿಂಗು ಸೊಟ್ಟ ನಿಲ್ಲುತ್ತದೆ, ಟಾಯರು ಹೋಗುತ್ತದೆ, ಅಷ್ಟೇ. ಎಳೆತ ತರುವವು ಇನ್ನೆರಡು. ಕ್ಯಾಂಬರ್ ಎಂದರೆ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲುವುದು. ಯಾವ ಕಡೆಯದು ಹೆಚ್ಚು ಹೊರಕ್ಕೆ ವಾಲಿದೆಯೋ ಆ ಕಡೆಗೆ ಎಳೆತ. ಕ್ಯಾಸ್ಟರನ್ನು ನಾವು ಹೊಟೇಲಿನವರು ದಿನಾ ನೋಡುತ್ತೇವೆ. ಬಸಿ ತುಂಬಿದ ಟ್ರಾಲಿ ತಳ್ಳಿದರೆ ಅದರ ಸಣ್ಣ ಗಾಲಿ ತಿರುಗಿ ಮೊಳೆಯ ಹಿಂದಕ್ಕೆ ಬಂದು ತಾನೇ ನೇರವಾಗುತ್ತದೆ. ಸೈಕಲ್ಲಿನ ಮುಂದಿನ ಕವೆ ಓರೆಯಿರುವುದೂ ಇದಕ್ಕೇ. ಮೋಟಾರಿನಲ್ಲಿ ಎರಡೂ ಕಡೆ ಈ ಓರೆ ಸಮನಾಗಿರಬೇಕು. ಗಾಲಿ ಹೊಂಡಕ್ಕೆ ಬಡಿದು ಕೆಳಗಿನ ತೋಳು ಹಿಂದಕ್ಕೆ ಬಾಗಿದರೆ ಆ ಕಡೆ ಕ್ಯಾಸ್ಟರ್ ಕಡಮೆಯಾಗುತ್ತದೆ, ಗಾಡಿ ಅತ್ತಲೇ ಎಳೆಯುತ್ತದೆ.

ಕಷ್ಟವಿರುವುದು ಇಲ್ಲಿ. ಈಗಿನ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಪಾನಾ ಹಾಕಿ ತಿರುಗಿಸಲು ಬರುವುದು ಮುಂದಿನ ಟೋ ಒಂದೇ. ಕೆಲವದರಲ್ಲಿ ಕ್ಯಾಂಬರ್ ತುಸು ಸರಿಸಬಹುದು. ಕ್ಯಾಸ್ಟರ್ ಸರಿಸಲು ಬಾರದು, ಬಾಗಿದ ತೋಳನ್ನೇ ಬದಲಿಸಬೇಕು. ಟೋ ಮಾತ್ರ ತಿರುಗಿಸಿ "ಆಯಿತು, ದುಡ್ಡು ಕೊಡಿ" ಎನ್ನುವವರ ಮಾತಿಗೆ ತಲೆದೂಗಬೇಡಿ. ಯಂತ್ರವು ಮೊದಲಿನ ಅಳತೆ, ನಂತರದ ಅಳತೆ ಎರಡನ್ನೂ ಅಚ್ಚು ಹಾಕಿ ಕೊಡುತ್ತದೆ. ಆ ಕಾಗದ ಕೇಳಿ ಪಡೆಯಿರಿ. ಎಡಬಲಗಳ ಕ್ಯಾಂಬರಿಗೋ ಕ್ಯಾಸ್ಟರಿಗೋ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಬೆರಳಿಟ್ಟು ತೋರಿಸಿ. ಬಾಲ್ ಜಾಯಿಂಟು, ಟೈರಾಡಿನ ತುದಿ, ಬುಶ್ಶು ಇವು ಅಲ್ಲಾಡುತ್ತಿದ್ದರೆ ಮೊದಲು ಅವನ್ನು ಬದಲಿಸಬೇಕು. ಗಿರಣಿಯ ಹಿರಿಯರಿಗೆ ಇದು ಹೊಸತಲ್ಲ. ಪಟ್ಟಾ ಪುಲ್ಲಿಯಿಂದ ಜಾರುತ್ತಿದ್ದರೆ ಬುದ್ಧಿವಂತ ಜಾಬರು ಪಟ್ಟಾವನ್ನು ಕೋಲಿನಿಂದ ತಳ್ಳುತ್ತ ನಿಲ್ಲುತ್ತಿರಲಿಲ್ಲ, ಶಾಫ್ಟು ನೆಟ್ಟಗಿದೆಯೇ ಎಂದು ನೋಡುತ್ತಿದ್ದ.

ಆ ಸದಸ್ಯರ ಪಗಾರ ಏನಾಯಿತೆಂದು ಕೇಳುತ್ತೀರಿ. ಕೆಲಸಗಾರನ ಅಲಕ್ಷ್ಯದಿಂದ ನಷ್ಟವಾಗಿದ್ದರೆ ಮಾತ್ರ ಪಗಾರ ಕಡಿಯಬಹುದು, ಅದೂ ಅವನ ಸಮಜಾಯಿಷಿ ಕೇಳಿದ ಬಳಿಕವೇ. ಇದು 1936ರ ಪಗಾರದ ಕಾಯದೆಯಲ್ಲಿದ್ದ ಮಾತು, 2019ರ ವೇತನ ಸಂಹಿತೆಯಲ್ಲೂ ಬರೆದಿರುವ ಮಾತು. ತುಕ್ಕು ಹಿಡಿದ ಕ್ಯಾಲಿಪರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಗಲ್ಲಾದ ಮೇಜಿನ ಮೇಲಿಟ್ಟೆವು. ಮಾಲಕರು ಬಹಳ ಹೊತ್ತು ಅದನ್ನೇ ನೋಡಿದರು. ಒಂದು ಟಾಯರಿನ ದುಡ್ಡು ಅಂದೇ ಹಿಂದಕ್ಕೆ ಬಂತು. ಎರಡನೆಯದಕ್ಕೆ ಅರ್ಜಿ ಕೊಟ್ಟಿದ್ದೇವೆ, ಬಿಟ್ಟಿಲ್ಲ.

ಅದಕ್ಕಾಗಿ ಗಾಡಿ ನಡೆಸುವ ಪ್ರತಿಯೊಬ್ಬರೂ ಒಂದು ನೋಟುಬುಕ್ಕು ಇಡಬೇಕೆಂದು ಸಂಘವು ಕೇಳಿಕೊಳ್ಳುತ್ತದೆ. ಟಾಯರು ಹಾಕಿದ ತಾರೀಖು, ಅಂದಿನ ಕಿಲೋಮೀಟರು, ಹವಾ ನೋಡಿದ ದಿನ, "ಗಾಡಿ ಎಡಕ್ಕೆ ಎಳೆಯುತ್ತದೆ" ಎಂದು ಮಾಲಕರಿಗೆ ತಿಳಿಸಿದ ದಿನ ಮತ್ತು ಅವರ ಸಹಿ. ಸಹಿ ಕೊಡದಿದ್ದರೆ ಮೊಬೈಲಿನಲ್ಲಿ ಸಂದೇಶ ಕಳುಹಿಸಿರಿ, ಅದೂ ದಾಖಲೆಯೇ. ಓದು ಬಾರದ ಅಣ್ಣಂದಿರಿಗೆ ರಾತ್ರಿ ಶಾಲೆಯ ಹುಡುಗರು ಬರೆದುಕೊಡುತ್ತಾರೆ.

ಮುಂದಿನ ಕೂಟಕ್ಕೆ ಇಬ್ಬರು ತಮ್ಮ ಗಾಡಿ ತರಲು ಒಪ್ಪಿದ್ದಾರೆ. ಎರಡೂ ಮಗ್ಗುಲಿಗೆ ದಾರ ಕಟ್ಟಿ, ಗಾಲಿಯ ಮುಂದಂಚು ಹಿಂದಂಚುಗಳಿಂದ ದಾರಕ್ಕೆ ಎಷ್ಟು ದೂರವೆಂದು ಅಳೆದು ಟೋ ತಿಳಿಯುವ ಬಗೆಯನ್ನು ಅಂಗಳದಲ್ಲೇ ತೋರಿಸುತ್ತೇವೆ. ಬರುವವರು ಒಂದು ಸ್ಟೀಲಿನ ಸ್ಕೇಲು ತನ್ನಿರಿ. ನೈಲಾನು ದಾರವನ್ನು ನಾವು ತರುತ್ತೇವೆ.