ಹಗಲಿನ ಬೆಳಕು, ಕಣಿವೆಯ ಋಣ

(ಬೈಯಪ್ಪನಹಳ್ಳಿಯಲ್ಲಿ ನೆಲೆಸಿರುವ ಮಲೆನಾಡಿಗರ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪರಿಸರದ ಸಭೆಯಲ್ಲಿ ಚರ್ಚಿನ ಗೋಪುರದ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಆದರೆ ಬೆಳಕನ್ನು ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆ ಕಣಿವೆಗಳನ್ನು ಕಳೆದುಕೊಂಡ ನಮ್ಮದೂ ಹೌದು.

ಇಲ್ಲಿಂದ ಪಶ್ಚಿಮಕ್ಕೆ, ಶಿವಾಜಿನಗರದಲ್ಲಿ, ಸಂತ ಮೇರಿಯ ಬೆಸಿಲಿಕಾ ಇದೆ. ಗಾಥಿಕ್ ಶೈಲಿಯ ಈ ಚರ್ಚು ಪೂರ್ಣಗೊಂಡದ್ದು 1882ರಲ್ಲಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಆದ್ದರಿಂದ ಚರ್ಚು ಕಟ್ಟಿದವರು ಹಗಲಿನ ಬೆಳಕಿಗೆ ಚೂಪುಕಮಾನಿನ ಕಿಟಕಿಗಳನ್ನೇ ನಂಬಬೇಕಿತ್ತು.

ಈ ವಿದ್ಯೆಯ ಪರಾಕಾಷ್ಠೆಯೆಂದರೆ ಕಿಟಕಿಗಳುಳ್ಳ ಬೆಳಕಿನ ಗೋಪುರ. ಇಂಗ್ಲೆಂಡಿನ ಈಲಿ ಪಟ್ಟಣದ ಮಹಾಚರ್ಚಿನ ನಡುಗೋಪುರ 1322ರಲ್ಲಿ ಕುಸಿಯಿತು. ಅದರ ಸ್ಥಾನದಲ್ಲಿ ಎಂಟು ಮೂಲೆಗಳ ಕಲ್ಲಿನ ಕಟ್ಟಡವನ್ನೂ ಅದರ ಮೇಲೆ ಸುತ್ತಲೂ ಕಿಟಕಿಗಳಿರುವ ಮರದ ಗೋಪುರವನ್ನೂ ಕಟ್ಟಿದರು. ಕೆಲಸ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಗೋಡೆಯ ಕಿಟಕಿಯ ಬೆಳಕು ಒಳಗೆ ಹೋದಷ್ಟೂ ಮಂಕಾಗುತ್ತದೆ. ಎತ್ತರದ ಕಿಟಕಿಗೆ ಆಕಾಶ ಹೆಚ್ಚು ಕಾಣುವುದರಿಂದ ಬೆಳಕು ಕಟ್ಟಡದ ನಟ್ಟನಡುವೆ ಇಳಿಯುತ್ತದೆ. ಆ ಗೋಪುರಕ್ಕೂ ಬೆಲೆ ತೆರಬೇಕಾಯಿತು. ಅದರ ಎಂಟು ಓಕ್ ಕಂಬಗಳು ಒಂದೊಂದೂ ಅರವತ್ತು ಅಡಿ ಮೀರಿದವು. ಅಷ್ಟು ದೊಡ್ಡ ಮರಗಳನ್ನು ದೂರದೂರ ಹುಡುಕಿ ತಂದರು. ಕಾಡು ಒಮ್ಮೆ ಕೊಟ್ಟ ಮರಗಳಿಂದ ಸುಮಾರು ಏಳು ಶತಮಾನಗಳ ಬೆಳಕು ದೊರೆತಿದೆ ಎಂಬುದನ್ನೂ ಮರೆಯಬಾರದು.

ನಮ್ಮ ಹಿರಿಯರಿಗೂ ಈ ವಿವೇಕವಿತ್ತು. ತೊಟ್ಟಿಮನೆಯ ಅಂಗಳ ಬೆಳಕನ್ನು ಮೇಲಿನಿಂದಲೇ ಇಳಿಸಿಕೊಂಡಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚಿನ ಮಾಡು ಎಲ್ಲೆಡೆ ಹಬ್ಬಿತು. ಅದರ ನಡುವೆ ಕೂರಿಸಿದ ಒಂದು ಗಾಜಿನ ಹೆಂಚು ಕತ್ತಲೆಯ ಅಡುಗೆಮನೆಗೆ ಬೆಳಕಿಂಡಿಯಾಯಿತು.

ಇಂದಿನ ನಗರದಲ್ಲಿ ಮಧ್ಯಾಹ್ನವೂ ದೀಪ ಉರಿಸುವ ಕಟ್ಟಡಗಳು ಅನೇಕ. ಮಾಡಿಗೆಲ್ಲ ಗಾಜು ಹೊದಿಸುವುದು ಪರಿಹಾರವಲ್ಲ. ಅದು ಬೆಳಕಿನೊಡನೆ ಸೆಕೆಯನ್ನೂ ತಂದು ತಂಪುಯಂತ್ರವನ್ನು ಬೇಡುತ್ತದೆ. ನೆಟ್ಟಗೆ ನಿಂತ ಎತ್ತರದ ಕಿಟಕಿ, ಅದರ ಮೇಲೊಂದು ಚಾಚು: ನಮ್ಮ ಬಿಸಿಲಿಗೂ ಮಳೆಗೂ ಇದೇ ಯೋಗ್ಯ.

ಈ ನಗರ ಉರಿಸುವ ದೀಪಕ್ಕೂ ನಮ್ಮ ನದಿಗಳಿಗೂ ನಂಟಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಊರುಗಳು ಮುಳುಗಿ, ಸಾವಿರಾರು ಸಂಸಾರಗಳು ನೆಲೆ ತಪ್ಪಿದವು. ಅದೇ ಕಣಿವೆಗೆ ಈಗ 2,000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿದೆ. ಹಗಲಿನ ದೀಪ ಆರಿಸಿದ ಮಾತ್ರಕ್ಕೆ ಅದು ನಿಲ್ಲುತ್ತದೆಂದು ನಾನು ಹೇಳಲಾರೆ; ಅದರ ಉದ್ದೇಶವೇ ಸಂಜೆಯ ಬೇಡಿಕೆ. ಆದರೆ ಪುಕ್ಕಟೆ ಸಿಗುವ ಬೆಳಕಿಗೆ ಬಾಗಿಲು ಮುಚ್ಚಿ ಇನ್ನಷ್ಟು ವಿದ್ಯುತ್ ಕೇಳುವವರನ್ನು ಪ್ರಶ್ನಿಸುವ ಹಕ್ಕು ಮುಳುಗಿದ ಊರಿನವರಿಗೆ ಖಂಡಿತ ಇದೆ.

ವಿದ್ಯಾರ್ಥಿಗಳೇ, ನಾಳೆ ಮಧ್ಯಾಹ್ನ ನಿಮ್ಮ ತರಗತಿಯ ದೀಪಗಳನ್ನು ಆರಿಸಿ, ಪುಸ್ತಕ ಎಲ್ಲಿಯವರೆಗೆ ಓದಲು ಬರುತ್ತದೆಂದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗ್ರಾಮಸ್ಥರೇ, ನಿಮ್ಮೂರಿನಲ್ಲಿ ಹೊಸ ಶಾಲೆಯೋ ಸಮುದಾಯ ಭವನವೋ ಏಳುವಾಗ, ನಕ್ಷೆಯಲ್ಲಿ ಬೆಳಕಿಂಡಿ ಎಲ್ಲಿದೆಯೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಗೋಡೆ ಎದ್ದ ಮೇಲೆ ಕೇಳಿ ಫಲವಿಲ್ಲ.