ದವಡೆ ನೋವಿಗೆ ಹಲ್ಲು ಕೀಳಿಸುವ ಮೊದಲು

(ಮಾಣಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)

 

ಅಂಕಗಳ ವಿಷಯವನ್ನು ಕಾರ್ಯದರ್ಶಿಯವರು ಹೇಳಿದ್ದಾರೆ. ನಾವು ಕಿವಿಯ ಮುಂದಿರುವ ಒಂದು ಸಣ್ಣ ಕೀಲಿನ ಬಗ್ಗೆ ಮಾತನಾಡುತ್ತೇವೆ. ಮಿಸ್ವಾಕ್‌ನ ಸುನ್ನತ್ ಕಲಿತು ಬೆಳೆದ ನಮಗೆ ಹಲ್ಲಿನ ಶುಚಿ ಹೊಸ ವಿಷಯವಲ್ಲ. ಆದರೆ ದವಡೆಯನ್ನು ಆಡಿಸುವ ಕೀಲು, ಸ್ನಾಯುಗಳು ನೋಯುವವರೆಗೆ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ನೋಯತೊಡಗಿದ ಮೇಲೂ ಅದಕ್ಕೆ ಬೇರೆ ಹೆಸರು ಕೊಡುತ್ತೇವೆ: ಕಿವಿನೋವು, ಅರೆತಲೆನೋವು, ಇಲ್ಲವೇ ಬುದ್ಧಿಹಲ್ಲು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಈ ಕೀಲು ಬಾಗಿಲಿನ ಹಾಗೆ ತಿರುಗುತ್ತದೆ, ಜೊತೆಗೆ ಮುಂದಕ್ಕೂ ಜಾರುತ್ತದೆ. ಎರಡು ಎಲುಬುಗಳ ನಡುವೆ ಒಂದು ಬಿಲ್ಲೆ ಇದೆ. ಅದು ಸ್ಥಾನ ತಪ್ಪಿದರೆ ‘ಟಕ್’ ಎಂಬ ಸದ್ದು ಬರುತ್ತದೆ. ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಹೆಚ್ಚಿನವರಿಗೆ ನೋವು ಬರುವುದು ಕೆನ್ನೆಯ ಮತ್ತು ಹಣೆಯ ಎರಡೂ ಬದಿಯ ಸ್ನಾಯುಗಳಿಂದ.

ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತ ನಮಗೆ ಇದು ಕಣ್ಣಾರೆ ಕಂಡ ವಿಷಯ. ಲೆಕ್ಕ ಬಿಡಿಸುವ ಮಗು ಹಲ್ಲು ಕಚ್ಚಿ ಕೂತಿರುತ್ತದೆ, ಕೆನ್ನೆಯ ಸ್ನಾಯು ಗಂಟಿನಂತೆ ಎದ್ದು ಕಾಣುತ್ತದೆ. ರಾತ್ರಿ ನಿದ್ದೆಯಲ್ಲೂ ಹಲ್ಲು ಕಡಿದರೆ ಬೆಳಿಗ್ಗೆ ಏಳುವಾಗಲೇ ದವಡೆ ಸೋತಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಈ ನೋವು ಹೆಚ್ಚು. ಹುಡುಗಿ ನೋವು ಎಂದರೆ ‘ಓದಲು ಮನಸ್ಸಿಲ್ಲ, ಅದಕ್ಕೆ ನೆಪ’ ಎನ್ನುವ ತಾಯಂದಿರಿದ್ದಾರೆ. ಅದು ನಮಗೆ ಒಪ್ಪಿಗೆಯಿಲ್ಲ.

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಅವರು ಕಿವಿಯ ತೊಂದರೆ ಎಂದು ಬಂದವರಲ್ಲಿ ದವಡೆಯ ಕೀಲಿನ ದೋಷವನ್ನು ಗುರುತಿಸಿ ಬರೆದರು. ಹಲ್ಲುಗಳು ಸರಿಯಾಗಿ ಕೂಡದಿರುವುದೇ ಕಾರಣ ಎಂದು ಅವರು ತಿಳಿದಿದ್ದರು. ಬಹಳ ವರ್ಷ ಹಲ್ಲನ್ನು ಉಜ್ಜಿ ಮಟ್ಟ ಮಾಡುವ ಚಿಕಿತ್ಸೆ ನಡೆದದ್ದೂ ಇಂಥ ನಂಬಿಕೆಯಿಂದಲೇ. ಈಗಿನ ತಿಳಿವಳಿಕೆ ಬೇರೆ: ಮತ್ತೆ ಸರಿಪಡಿಸಲಾಗದ ಯಾವುದನ್ನೂ ಮೊದಲೇ ಮಾಡಬಾರದು. ನೋವು ಸ್ನಾಯುವಿನದಾದರೆ ಗಟ್ಟಿಯಾದ ಹಲ್ಲನ್ನು ಕಿತ್ತರೂ ನೋವು ಅಲ್ಲೇ ಇರುತ್ತದೆ; ಹಲ್ಲೂ ಹೋಯಿತು, ದುಡ್ಡೂ ಹೋಯಿತು.

ದಂತವೈದ್ಯರು ಸ್ನಾಯುಗಳನ್ನು ಒತ್ತಿ ನೋಡುತ್ತಾರೆ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುತ್ತಾರೆ, ಬೇಕಾದರೆ ಎಕ್ಸ್‌ರೇ ತೆಗೆಸುತ್ತಾರೆ. ಹೆಚ್ಚಿನವರಿಗೆ ಸರಳ ಉಪಾಯಗಳೇ ಸಾಕಾಗುತ್ತವೆ. ಕೆಲವು ವಾರ ಮೆತ್ತಗಿನ ಊಟ; ಗಂಜಿ ಆಗಬಹುದು, ಸಾರಿನಲ್ಲಿ ನೆನೆಸಿದ ಪತ್ತಿರ್ ಆಗಬಹುದು, ಗರಿಗರಿ ಕೋರಿರೊಟ್ಟಿಗೆ ಸ್ವಲ್ಪ ರಜೆ. ಬಿಸಿನೀರಿನ ಬಟ್ಟೆಯ ಶಾಖ, ಹೇಳಿಕೊಟ್ಟ ವ್ಯಾಯಾಮ, ವೈದ್ಯರು ಬರೆದಷ್ಟೇ ದಿನ ನೋವಿನ ಮಾತ್ರೆ. ಆಕಳಿಸುವಾಗ ಗಲ್ಲಕ್ಕೆ ಕೈ ಆಸರೆ ಕೊಡಿ. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲುಗಳು ಮಾತ್ರ ಒಂದಕ್ಕೊಂದು ತಾಗದಿರಲಿ; ಪುಸ್ತಕದ ಮೂಲೆಯಲ್ಲಿ ಒಂದು ಚುಕ್ಕೆ ಹಾಕಿಕೊಂಡರೆ ಕಂಡಾಗಲೆಲ್ಲ ನೆನಪಾಗುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ಅಚ್ಚು ತೆಗೆದು ಅಕ್ರಿಲಿಕ್‌ನ ತಟ್ಟೆ ಮಾಡಿಕೊಡುತ್ತಾರೆ. ಅದು ಹಲ್ಲು ಸವೆಯದಂತೆ ಕಾಯುತ್ತದೆ. ಆದರೆ ಆಗಾಗ ತೋರಿಸಿ ಸರಿಮಾಡಿಸಿಕೊಳ್ಳಬೇಕು. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ.

ಇನ್ನೊಂದು ಮಾತು ಹೇಳಲು ನಮಗೆ ಸ್ವಲ್ಪ ಮುಜುಗರ, ಏಕೆಂದರೆ ಈ ಊರಿನ ಅನ್ನವೇ ಅಡಿಕೆ. ಬಾಯಿ ತೆರೆಯಲು ಆಗದಿರುವುದೆಲ್ಲ ಕೀಲಿನ ದೋಷವಲ್ಲ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಇದು ಕ್ಯಾನ್ಸರ್‌ಗೆ ತಿರುಗಬಲ್ಲ ಕಾಯಿಲೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಶಾಖ ಕೊಟ್ಟು ಕಾಯುತ್ತಾ ಕೂರಬೇಡಿ, ತೋರಿಸಿ. ಹಾಗೆಯೇ ನಡೆಯುವಾಗ, ಗುಡ್ಡ ಹತ್ತುವಾಗ ದವಡೆ ಬಿಗಿದು ನೋವು, ಬೆವರು, ಎದೆ ಭಾರ ಬಂದರೆ ಅದು ಹೃದಯದ್ದಿರಬಹುದು. ಆಗ ಹೋಗಬೇಕಾದದ್ದು ದಂತವೈದ್ಯರ ಬಳಿಗಲ್ಲ, ತಕ್ಷಣ ಆಸ್ಪತ್ರೆಗೆ.

ಮಾಣಿಯವರಿಗೆ ಇದಕ್ಕೆ ಬೆಂಗಳೂರು ಬೇಡ. ಮೆಲ್ಕಾರ್, ಮುಡಿಪು ದಾರಿಯಾಗಿ ಹೋದರೆ ದೇರಳಕಟ್ಟೆಯಲ್ಲಿ 1985ರಲ್ಲಿ ಆರಂಭವಾದ ಎ.ಬಿ. ಶೆಟ್ಟಿ ದಂತ ಕಾಲೇಜು, 1992ರ ಯೆನೆಪೋಯ ದಂತ ಕಾಲೇಜು ಇವೆ. ಪುತ್ತೂರಿನ ಕಡೆ ಹೋಗುವವರಿಗೆ ಸುಳ್ಯದಲ್ಲಿ ಕೆ.ವಿ.ಜಿ. ದಂತ ಕಾಲೇಜು. ಚೀಟಿ ಮಾಡಿಸುವಾಗ ‘ಓರಲ್ ಮೆಡಿಸಿನ್’ ವಿಭಾಗ ಎಂದು ಕೇಳಿ. ನೋವು ಯಾವ ಹೊತ್ತಿಗೆ, ಏನು ಮಾಡುವಾಗ ಬರುತ್ತದೆ ಎಂದು ಒಂದು ವಾರ ಬರೆದಿಟ್ಟುಕೊಂಡು ಹೋಗಿ, ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ. ಹಲ್ಲು ಕೀಳಬೇಕೆಂದು ಯಾರಾದರೂ ಹೇಳಿದರೆ, ಆ ಹಲ್ಲಿಗೆ ಏನಾಗಿದೆ, ಎಕ್ಸ್‌ರೇಯಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳಿ. ಕೇಳುವ ಹಕ್ಕು ನಮಗಿದೆ. ಇಲ್ಲಿ ಬಿ.ಡಿ.ಎಸ್. ಓದುವ ಮಕ್ಕಳಿದ್ದರೆ, ಸಭೆ ಮುಗಿದ ಮೇಲೆ ಅಮ್ಮಂದಿರ ಜೊತೆ ಸ್ವಲ್ಪ ಹೊತ್ತು ಕೂರಿ. ನಮ್ಮ ಹತ್ತಿರ ಕೇಳಲಾಗದ್ದನ್ನು ಅವರು ನಿಮ್ಮ ಹತ್ತಿರ ಕೇಳುತ್ತಾರೆ.