ಮನಸ್ಸಿನ ಕಾಯಿಲೆ: ಗುರುತಿಸುವುದು ಹೇಗೆ, ಚಿಕಿತ್ಸೆ ಎಲ್ಲಿ?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಷೇರು ಬಂಡವಾಳ ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದನ್ನು ಕಾರ್ಯದರ್ಶಿಗಳು ಆಗಲೇ ಓದಿ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಮನಸ್ಸಿನ ಕಾಯಿಲೆಯ ವಿಷಯ. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದ ನಮಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ನಮ್ಮ ಸಂಘದಲ್ಲಿ ಸಾಲದ ಕಂತು ಕಟ್ಟದವರನ್ನು ಸುಸ್ತಿದಾರರು ಅಂತೀವಿ. ಆ ಪಟ್ಟಿಯಲ್ಲಿ ಮಳೆ ಕೈಕೊಟ್ಟವರು ಇದ್ದಾರೆ, ಬೆಲೆ ಬಿದ್ದು ಕೆಟ್ಟವರು ಇದ್ದಾರೆ, ಬೇಕೆಂದೇ ಕಟ್ಟದವರೂ ಒಬ್ಬಿಬ್ಬರು ಇದ್ದಾರು. ಆದರೆ ಮನಸ್ಸೇ ಸುಸ್ತಾಗಿ ಕೂತವರೂ ಅದರಲ್ಲಿದ್ದಾರೆ. ಅವರನ್ನು ಗುರುತಿಸುವುದು ಹೇಗೆ ಎಂಬುದೇ ನಮ್ಮ ಇವತ್ತಿನ ಮಾತು.

ನಮಗೆ ತಿಳಿದ ಒಬ್ಬ ರೈತರ ವಿಚಾರ ಹೇಳುತ್ತೇವೆ, ಹೆಸರು ಬೇಡ. ವರ್ಷಾನುಗಟ್ಟಲೆ ಒಂದು ಕಂತು ತಪ್ಪಿಸಿದವರಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಪ್ರತಿ ಕಾರ್ತಿಕದಲ್ಲೂ ಮೂಟೆ ಹೊತ್ತು ಹೋಗುತ್ತಿದ್ದವರು. ಒಂದು ವರ್ಷ ಪರಿಷೆಗೆ ಹೋಗಲಿಲ್ಲ. ಟೊಮೇಟೊ ಗಿಡದಲ್ಲೇ ಕೊಳೆಯಿತು. ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಊರವರು ಸೋಮಾರಿ ಅಂದರು, ಇನ್ನು ಕೆಲವರು ಯಾರೋ ಮಾಟ ಮಾಡಿಸಿದ್ದಾರೆ ಅಂದರು. ತಾಯತ, ಮಂತ್ರ ಅಂತ ದುಡ್ಡೂ ಖರ್ಚಾಯಿತು. ಕೊನೆಗೆ ಅವರ ಭಾವಮೈದ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಅದು ಖಿನ್ನತೆ ಎಂಬ ಕಾಯಿಲೆ ಅಂತ ಗೊತ್ತಾಯಿತು. ಮಾತ್ರೆ ನುಂಗಿದರು, ಡಾಕ್ಟರು ಹೇಳಿದಷ್ಟು ಸಲ ಹೋಗಿ ಬಂದರು. ಮುಂದಿನ ವರ್ಷ ಪರಿಷೆಯಲ್ಲಿ ಮತ್ತೆ ಕಡಲೆಕಾಯಿ ರಾಶಿಯ ಹಿಂದೆ ಕೂತಿದ್ದರು.

ಇದು ಅಪರೂಪದ ಕಾಯಿಲೆ ಅಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ಕುಡಿತದ ಚಟವೂ ಸೇರಿದಂತೆ ನೂರು ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ.

ಗುರುತಿಸುವುದು ಹೇಗೆ? ದುಃಖ ಎಲ್ಲರಿಗೂ ಬರುತ್ತೆ, ಹೋಗುತ್ತೆ. ಆದರೆ ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಬೇಸರ, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಊಟ ಸೇರದು, ಮೈಯಲ್ಲಿ ಶಕ್ತಿ ಇಲ್ಲ, 'ನಾನು ಯಾತಕ್ಕೂ ಬಾರದವನು' ಎಂಬ ಮಾತು ಕಂಡರೆ ಅದನ್ನು ಖಿನ್ನತೆ ಎಂದು ಅನುಮಾನಿಸಬೇಕು. ನಮ್ಮ ಹೆಣ್ಣುಮಕ್ಕಳು ಬೇಸರ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ತಲೆನೋವು, ಮೈಕೈ ನೋವು, ಎದೆ ಉರಿ ಅಂತಾರೆ. ಪರೀಕ್ಷೆಯಲ್ಲಿ ಏನೂ ಸಿಗದೆ ನೋವು ಮಾತ್ರ ಹೋಗದಿದ್ದರೆ ಮನಸ್ಸಿನ ಕಡೆಗೂ ನೋಡಿ.

ಇನ್ನೊಂದು ಆತಂಕದ ಕಾಯಿಲೆ. ಇದ್ದಕ್ಕಿದ್ದ ಹಾಗೆ ಎದೆ ಡವಡವ, ಬೆವರು, ಉಸಿರು ಕಟ್ಟಿದ ಹಾಗೆ, ಈಗಲೇ ಸಾಯುತ್ತೇನೆ ಎಂಬ ಭಯ. ಮೊದಲ ಸಲ ಹೀಗಾದಾಗ ಹೃದಯದ ಪರೀಕ್ಷೆ ಮಾಡಿಸಲೇಬೇಕು. ಹೃದಯ ಸರಿ ಇದ್ದು ಮತ್ತೆ ಮತ್ತೆ ಬಂದರೆ ಅದಕ್ಕೂ ಔಷಧಿ, ಉಸಿರಾಟದ ಅಭ್ಯಾಸ, ಆಪ್ತಸಲಹೆ ಇದೆ. ಬೀಗ ಹಾಕಿದೆಯಾ ಅಂತ ಇಪ್ಪತ್ತು ಸಲ ನೋಡುವುದು, ಕೈ ತೊಳೆದದ್ದೇ ತೊಳೆಯುವುದು ಗೀಳಿನ ಕಾಯಿಲೆ. ಬಿಡಬೇಕು ಅಂತ ಅವರಿಗೂ ಇರುತ್ತೆ, ಬಿಡಲಾಗುವುದಿಲ್ಲ.

ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಮನೆಯವರೇ ವಿಷ ಹಾಕುತ್ತಾರೆಂಬ ಗಟ್ಟಿ ನಂಬಿಕೆ, ಒಬ್ಬರೇ ಮಾತಾಡುವುದು, ಸ್ನಾನ ಊಟದ ಪರಿವೆ ಇಲ್ಲದಿರುವುದು ತೀವ್ರ ಕಾಯಿಲೆಯ ಗುರುತು. ಇಂಥವರ ಜೊತೆ ವಾದ ಬೇಡ, ಹೊಡೆತ ಬಡಿತ ಬೇಡವೇ ಬೇಡ, ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಗೆ ಹೀಗಾದರೆ ಗಾಳಿ ಸೋಕಿತು ಅಂತ ಕೂರಬೇಡಿ. ತಾಯಿ ಮಗು ಇಬ್ಬರ ಜೀವದ ಪ್ರಶ್ನೆ ಅದು, ಆ ದಿನವೇ ಹೊರಡಿ. ಹಾಗೆಯೇ ವರ್ಷಗಟ್ಟಲೆ ಕುಡಿದವರಿಗೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಬೇಡಿ. ನಡುಕ, ಫಿಟ್ಸು, ಬಡಬಡಿಕೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಡಾಕ್ಟರ ಮೇಲ್ವಿಚಾರಣೆಯಲ್ಲಿ ಬಿಡಿಸಬೇಕು.

ಈಗ ಚಿಕಿತ್ಸೆ ಎಲ್ಲಿ ಎಂಬ ಮಾತು. ತರಕಾರಿ, ಹೂವು ಹಾಕಿಕೊಂಡು ಸಿಟಿ ಮಾರ್ಕೆಟ್ಟಿಗೆ ಹೋಗದವರು ನಮ್ಮಲ್ಲಿ ಯಾರಿದ್ದಾರೆ? ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕು, ಮಿಂಟೋ ಕಣ್ಣಾಸ್ಪತ್ರೆ ಎಲ್ಲಾ ನೋಡಿದ್ದೇವೆ. ಮಾರ್ಕೆಟ್ಟಿನ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲೂ, ಬಸವನಗುಡಿಗೆ ಹತ್ತಿರದ ಕಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯರ ವಿಭಾಗ ಇದೆ. ಲಾಲ್‌ಬಾಗ್ ದಾಟಿ ಹೊಸೂರು ರಸ್ತೆಗೆ ಹೋದರೆ ನಿಮ್ಹಾನ್ಸ್ ಸಿಗುತ್ತದೆ. ಆದರೆ ಆ ಹೆಸರು ನಮ್ಮ ಬಾಯಲ್ಲಿ ಬೈಗುಳ ಆಗಿದೆ. 'ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂತ ಮಕ್ಕಳೂ ಅಂತಾರೆ. ಹೀಗೆ ಅಂದವರ ಮನೆಯಲ್ಲೇ ನಾಳೆ ಯಾರಿಗಾದರೂ ಬೇಕಾದರೆ ಹೋಗಲು ಅವರಿಗೇ ನಾಚಿಕೆ.

ಅದರ ಚರಿತ್ರೆ ಸ್ವಲ್ಪ ಕೇಳಿ. ಬೆಂಗಳೂರು ಪೇಟೆಯಲ್ಲಿ 19ನೇ ಶತಮಾನದಲ್ಲಿ ಇದ್ದದ್ದು ಹುಚ್ಚರ ಆಶ್ರಯ. ಮೈಸೂರು ಸರ್ಕಾರದ ಕಾಲದಲ್ಲಿ ಅದು ಮಾನಸಿಕ ಆಸ್ಪತ್ರೆ ಆಯಿತು. 1954ರಲ್ಲಿ ಆ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಎರಡೂ ಸೇರಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಹುಟ್ಟಿತು. ಅಲ್ಲಿ ಮೂರ್ಛೆರೋಗ, ಪಾರ್ಶ್ವವಾಯು, ತಲೆಗೆ ಪೆಟ್ಟು ಬಿದ್ದವರಿಗೂ ಚಿಕಿತ್ಸೆ ನಡೆಯುತ್ತೆ. ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತೆ. ಬಿ.ಪಿ.ಎಲ್. ಕಾರ್ಡು ತೆಗೆದುಕೊಂಡು ಹೋದರೆ ರಿಯಾಯಿತಿ ಇದೆ.

ಎಲ್ಲದಕ್ಕೂ ಅಲ್ಲಿಗೇ ಓಡಬೇಕಾಗಿಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದರೆ ಹಳ್ಳಿಯಲ್ಲೇ ಈ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. 1980ರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ಆ ಮಾದರಿ ಮೇಲೆಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮಂಥ ಹಳ್ಳಿಯವರನ್ನು ನೋಡಿಯೇ ಕಟ್ಟಿದ ವ್ಯವಸ್ಥೆ ಇದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾತ್ರೆ ಬಗ್ಗೆ ಎರಡು ಮಾತು. ಖಿನ್ನತೆಯ ಮಾತ್ರೆ ನೋವಿನ ಮಾತ್ರೆ ಹಾಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಬಿತ್ತಿದ ಬೀಜ ಮಾರನೇ ದಿನವೇ ಮೊಳೆಯುತ್ತದೆಯೇ? ಎರಡು ಮೂರು ವಾರ ಬೇಕು. ಗುಣ ಕಂಡ ಮೇಲೂ ಡಾಕ್ಟರು ಹೇಳಿದಷ್ಟು ತಿಂಗಳು ನುಂಗಬೇಕು. ಅದು ನಿದ್ದೆ ಮಾತ್ರೆ ಅಲ್ಲ, ಕುಡಿತದ ಹಾಗೆ ಚಟವಾಗುವುದೂ ಇಲ್ಲ. 'ಕರೆಂಟ್ ಕೊಡ್ತಾರೆ' ಅಂತ ಹೆದರುವವರಿದ್ದಾರೆ. ಅದು ಎಲ್ಲರಿಗೂ ಕೊಡುವ ಚಿಕಿತ್ಸೆ ಅಲ್ಲ. ಅರಿವಳಿಕೆ ಇಲ್ಲದೆ ಕೊಡುವುದನ್ನೂ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ 2017ರ ಕಾನೂನು ನಿಷೇಧಿಸಿದೆ. ದೇವರಿಗೆ ಹರಕೆ ಹೊರಬೇಡಿ ಅಂತ ನಾವು ಹೇಳುವುದಿಲ್ಲ. ದೇವಸ್ಥಾನಕ್ಕೂ ಹೋಗಿ, ಆಸ್ಪತ್ರೆಗೂ ಹೋಗಿ.

ಕೊನೆಗೆ ಅತಿ ಮುಖ್ಯವಾದ ಮಾತು. ಯಾರಾದರೂ 'ಬದುಕಿ ಏನು ಪ್ರಯೋಜನ' ಅಂದರೆ ತಮಾಷೆ ಮಾಡಬೇಡಿ. 'ಸಾಯುವ ಯೋಚನೆ ಬರುತ್ತಾ ಇದೆಯಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತೆ ಅನ್ನುವುದು ಸುಳ್ಳು. ಕೇಳಿದರೆ ಅವರ ಎದೆ ಭಾರ ಇಳಿಯುತ್ತೆ. ಅವರನ್ನು ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿಮನಸ್ ಎಂಬ ಸರ್ಕಾರಿ ಸಹಾಯವಾಣಿಯ ನಂಬರು 14416. 2022ರಲ್ಲಿ ಶುರುವಾದ ಇದಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆತ್ಮಹತ್ಯೆಗೆ ಯತ್ನಿಸಿ ಉಳಿದವರನ್ನು ಪೊಲೀಸು, ಕೇಸು ಅಂತ ಹೆದರಿ ಬಚ್ಚಿಡಬೇಡಿ. ಅಂಥವರು ತೀವ್ರ ಸಂಕಟದಲ್ಲಿದ್ದವರು, ಅವರಿಗೆ ಬೇಕಾದ್ದು ಶಿಕ್ಷೆಯಲ್ಲ, ಆರೈಕೆ ಎಂಬುದೇ ಆ 2017ರ ಕಾನೂನಿನ ಆಶಯ.

ಇಷ್ಟು ಹೇಳಿದ ಮೇಲೆ ಸಂಘ ಏನು ಮಾಡಬೇಕು? ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ.

ಒಂದು, ನಮ್ಮ ಮಳಿಗೆಯಿಂದ ಕೀಟನಾಶಕ ಒಯ್ಯುವ ಪ್ರತಿ ಸದಸ್ಯರಿಗೂ ಅದನ್ನು ಬೀಗದ ಪೆಟ್ಟಿಗೆಯಲ್ಲಿ ಇಡಲು ಹೇಳಬೇಕು, ಉಳಿದದ್ದನ್ನು ಅಡುಗೆ ಮನೆ ಸೂರಿಗೆ ಸಿಕ್ಕಿಸುವ ಅಭ್ಯಾಸ ನಿಲ್ಲಬೇಕು. ಸಿಟ್ಟು, ಸಂಕಟದ ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ.

ಎರಡು, ತಪ್ಪದೆ ಕಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ಸುಸ್ತಿಯಾದರೆ ನೋಟೀಸು ಕಳಿಸುವ ಮೊದಲು ಇಬ್ಬರು ನಿರ್ದೇಶಕರು ಅವರ ಮನೆಗೆ ಹೋಗಬೇಕು. ಸಾಲದ ಮಾತು ಎತ್ತದೆ, 'ಯಾಕಣ್ಣ, ಹುಷಾರಾಗಿದ್ದೀಯಾ?' ಅಂತ ಕೇಳಬೇಕು.

ಮೂರು, 14416 ಎಂಬ ನಂಬರನ್ನು ಬಡ್ಡಿ ದರದ ಬೋರ್ಡಿನ ಪಕ್ಕದಲ್ಲೇ ದೊಡ್ಡದಾಗಿ ಬರೆಸಬೇಕು.

ಕೆಟ್ಟ ಸಾಲವನ್ನು ಕಂತು ಮಾಡಿಕೊಟ್ಟು ವಸೂಲು ಮಾಡಬಹುದು, ಹೋದ ಸದಸ್ಯರನ್ನು ಯಾವ ಮಹಾಸಭೆಯೂ ವಾಪಸು ತರಲಾರದು.